ಪಾಯ ತೋಡುವ ಮುಂಚೆ ಕೇಳಿ: ಮನೆ ಪರವಾನಗಿ ಬಗ್ಗೆ ಓದುಗರ ಪ್ರಶ್ನೆಗಳು

ಹೋದ ಸಂಚಿಕೆಯಲ್ಲಿ ಮನೆ ಕಟ್ಟುವ, ಏರಿಸುವ, ರಿಪೇರಿ ಮಾಡಿಸುವ ಪರವಾನಗಿ ಬಗ್ಗೆ ಪ್ರಶ್ನೆ ಕಳಿಸಿ ಅಂತ ಕೇಳಿದ್ದೆವು. ಪತ್ರಗಳ ಕಟ್ಟು ಬಿಚ್ಚಿದಾಗ ಒಂದು ವಿಷಯಕ್ಕೆ ಬೇಸರವಾಯಿತು. ಬಹಳ ಮಂದಿ ಕೆಲಸ ಶುರು ಮಾಡಿ, ನೋಟಿಸ್ ಕೈಗೆ ಬಂದ ಮೇಲೆ ಬರೆದಿದ್ದಾರೆ. ಮನೆ ನಕ್ಷೆ ಪರಿಶೀಲಿಸುವ ಕೆಲಸದಲ್ಲೇ ನಾನು ನನ್ನ ನೌಕರಿಯ ಕಾಲವೆಲ್ಲ ಕಳೆದೆ. ಜನ ದುಡ್ಡು ಕಳೆದುಕೊಳ್ಳುವುದು ಎಲ್ಲಿ ಅಂದರೆ, ಒಂದು ನಕ್ಷೆಗೆ ಸಹಿ ಹಾಕಿಸಿ ಇನ್ನೊಂದು ಮನೆ ಕಟ್ಟುವಲ್ಲಿ. ಕೆಳಗಿನ ಉತ್ತರಗಳಲ್ಲಿ ಇದೇ ಮಾತು ಮತ್ತೆ ಮತ್ತೆ ಬರುತ್ತದೆ. ಬರಲಿ.

ಪ್ರಶ್ನೆ: 2009ರಲ್ಲಿ ಪಾಲಿಕೆಯಿಂದ ಲೈಸೆನ್ಸ್ ತೆಗೆದುಕೊಂಡು 30×40 ಸೈಟಿನಲ್ಲಿ ಕೆಳಗಿನ ಮನೆ ಕಟ್ಟಿದೆವು. ಈಗ ಮಗನ ಮದುವೆ ಗೊತ್ತಾಗಿದೆ, ಮೇಲೆ ಒಂದು ಹಾಲು, ಎರಡು ರೂಮು ಏರಿಸಬೇಕು. ಕೆಳಗಿನದಕ್ಕೆ ಲೈಸೆನ್ಸ್ ಇರುವಾಗ ಮೇಲಕ್ಕೆ ಬೇರೆ ಬೇಕಿಲ್ಲ ಅನ್ನುತ್ತಾರೆ ಮೇಸ್ತ್ರಿ. ಟೆರೇಸಿನಲ್ಲಿ ಪಿಲ್ಲರ್ ಕಂಬಿ ಬಿಟ್ಟಿದ್ದೇವೆ. ಹೌದಾ ಸರ್? (ಓದುಗರು, ದಾವಣಗೆರೆ)

ಅಲ್ಲ. ಬೇಕೇ ಬೇಕು. ಮೇಸ್ತ್ರಿಗೆ ಗೋಡೆ ಗೊತ್ತು, ಕಾನೂನಿನ ಮಾತಿಗೆ ಅವರನ್ನು ನಂಬಿ ಕೂರಬೇಡಿ. ನಾಳೆ ನೋಟಿಸ್ ಬರುವುದು ನಿಮ್ಮ ಹೆಸರಿಗೆ.

ಮೊದಲು ಬೀರುವಿನಿಂದ 2009ರ ನಕ್ಷೆ ತೆಗೆಯಿರಿ. ಅದರ ಮೇಲೆ ಎಷ್ಟು ಮಹಡಿಗೆ ಮಂಜೂರಾತಿ ಇದೆ ಅಂತ ನೋಡಿ. ನೆಲಮಹಡಿ ಮಾತ್ರ ಇದ್ದರೆ ಹೊಸ ಅರ್ಜಿ ಹಾಕಬೇಕು. ಅಕಸ್ಮಾತ್ ಆವತ್ತೇ ಎರಡು ಮಹಡಿಗೂ ನಕ್ಷೆ ಮಾಡಿಸಿದ್ದರೂ ಪರವಾನಗಿಗೆ ಒಂದು ಅವಧಿ ಇರುತ್ತದೆ, ಬಹಳ ಕಡೆ ಎರಡು ವರ್ಷ. 2009ರ ಕಾಗದ ಈಗ ಚಾಲ್ತಿಯಲ್ಲಿ ಇರುವುದಿಲ್ಲ. ನಡುವೆ ನಿಯಮಗಳೂ ಬದಲಾಗಿವೆ. ಈಗಿನ ನಿಯಮದಂತೆ ಸುತ್ತ ಬಿಡಬೇಕಾದ ಜಾಗ, ಮನೆಯ ಎತ್ತರ, ಒಟ್ಟು ಕಟ್ಟಬಹುದಾದ ವಿಸ್ತೀರ್ಣ ಎಲ್ಲವನ್ನೂ ಹೊಸದಾಗಿ ನೋಡುತ್ತಾರೆ.

ಕಾಗದ ಏನೇನು ಅಂದರೆ, ಇ-ಖಾತೆ, ಕ್ರಯಪತ್ರ, ಈ ಸಾಲಿನ ಕಂದಾಯದ ರಸೀದಿ, ಹಳೆಯ ಲೈಸೆನ್ಸ್ ಮತ್ತು ನಕ್ಷೆ, ಸೈಟು ಅನುಮೋದಿತ ಬಡಾವಣೆಯಲ್ಲಿದೆ ಎನ್ನುವುದಕ್ಕೆ ದಾಖಲೆ. ಪಾಲಿಕೆಯಲ್ಲಿ ನೋಂದಾಯಿಸಿಕೊಂಡ ಎಂಜಿನಿಯರ್ ನಕ್ಷೆ ತಯಾರಿಸಿ ಆನ್‌ಲೈನಿನಲ್ಲಿ ಹಾಕುತ್ತಾರೆ. ಖಾತೆಯಲ್ಲಿರುವ ಅಳತೆ, ಕ್ರಯಪತ್ರದ ಅಳತೆ, ಜಾಗದಲ್ಲಿ ಟೇಪು ಹಿಡಿದರೆ ಬರುವ ಅಳತೆ ಮೂರೂ ಹೊಂದಬೇಕು. ಚಕ್ಕುಬಂದಿಯಲ್ಲಿ ಪೂರ್ವಕ್ಕೆ ರಸ್ತೆ ಅಂತಿದ್ದು ಅಲ್ಲಿ ಬೇರೆಯವರ ಸೈಟು ಇದ್ದರೆ ಅರ್ಜಿ ಅಲ್ಲೇ ನಿಲ್ಲುತ್ತದೆ, ಅದನ್ನು ಮೊದಲೇ ತಿದ್ದಿಸಿಕೊಳ್ಳಿ.

ಇನ್ನು ಆ ಕಂಬಿ. ಅದರ ಬಗ್ಗೆ ನನಗೆ ನಿಜವಾದ ಭಯ ಇದೆ. ನಮ್ಮೂರುಗಳ ಟೆರೇಸುಗಳಲ್ಲೆಲ್ಲ ಇದನ್ನು ನೋಡುತ್ತೀರಿ. ಮುಂದೆ ಏರಿಸೋಣ ಅಂತ ಎರಡು ಮೂರು ಅಡಿ ಕಂಬಿ ಬಿಟ್ಟಿರುತ್ತಾರೆ, ಬಟ್ಟೆ ಒಣಗಿಸುವ ಹಗ್ಗವನ್ನು ಅದಕ್ಕೇ ಕಟ್ಟಿರುತ್ತಾರೆ. ಹದಿನೈದು ಮಳೆಗಾಲ ನೆನೆದ ಕಂಬಿಯನ್ನು ಒಮ್ಮೆ ವೈರ್ ಬ್ರಷ್‌ನಿಂದ ಉಜ್ಜಿ ನೋಡಿ. ತುಕ್ಕು ಪುಡಿಯಾಗಿ ಉದುರಿದರೆ ಒಂದು ಮಾತು, ಹಪ್ಪಳದ ಹಾಗೆ ಪದರ ಪದರ ಎದ್ದು ಬಂದು ಕಂಬಿ ಸಣಕಲಾಗಿ ಕಂಡರೆ ಬೇರೆಯೇ ಮಾತು. ಅಂಥದ್ದಕ್ಕೆ ಹೊಸ ಕಂಬಿ ಕಟ್ಟಿ ಪಿಲ್ಲರ್ ಏರಿಸಬಾರದು. ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರನ್ನು ಕರೆಸಿ. ಪಾಯ ಎಷ್ಟು ಆಳ ಇದೆ, ಕೆಳಗಿನ ಪಿಲ್ಲರ್ ಮೇಲಿನ ಭಾರ ತಡೆಯುತ್ತದೆಯೇ ಅಂತ ಅವರೇ ಬರೆದು ಕೊಡಲಿ. ಅವರಿಗೆ ಕೊಡುವ ಫೀಸು ಇಡೀ ಕೆಲಸದಲ್ಲಿ ಎದ್ದು ಕಾಣುವಷ್ಟೂ ಇರುವುದಿಲ್ಲ. ಹೊಸ ಸೊಸೆ ಬಂದು ಮಲಗುವ ರೂಮು ಅದು, ಅಲ್ವಾ?

ಮನೆ ಮುಂದೆ ಕರೆಂಟ್ ಲೈನ್ ಹಾದಿದ್ದರೆ ಅದನ್ನೂ ನೋಡಿ. ಕೆಳಗಿನ ಮನೆಗೆ ಆ ವೈರು ದೂರ ಇತ್ತು, ಮೇಲೆ ಏರಿಸಿ ಸಜ್ಜ ಬಿಟ್ಟಾಗ ಕೈಗೆ ಸಿಗುವ ಹಾಗೆ ಆಗುತ್ತದೆ. 11 ಕೆವಿ ಲೈನ್ ಪಕ್ಕದಲ್ಲಿದ್ದರೆ ಕಟ್ಟಡದ ಹೊರಚಾಚಿನಿಂದ ಕನಿಷ್ಠ 1.2 ಮೀಟರ್ ದೂರ ಇರಬೇಕು, ಮೇಲೆ ಹಾದರೆ 3.7 ಮೀಟರ್ ಎತ್ತರ ಇರಬೇಕು. ಅಷ್ಟು ಇಲ್ಲದಿದ್ದರೆ ಎಸ್ಕಾಂ ಕಚೇರಿಗೆ ಅರ್ಜಿ ಕೊಟ್ಟು ಲೈನ್ ಸರಿಸುವವರೆಗೆ ಆ ಬದಿಯ ಕೆಲಸ ಮುಟ್ಟಬೇಡಿ. ಸೆಂಟ್ರಿಂಗ್ ಹುಡುಗರು ಕಂಬಿ ಎತ್ತಿ ಹಿಡಿಯುವಾಗ ಆದ ಅನಾಹುತಗಳನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಲೈಸೆನ್ಸ್ ಹೊತ್ತಿಗೆ ಕಾರ್ಮಿಕರ ಸೆಸ್ ಅಂತ ನಿರ್ಮಾಣ ವೆಚ್ಚದ 1% ಕಟ್ಟಿಸಿಕೊಳ್ಳುತ್ತಾರೆ. ಅದು 1996ರ ಕೇಂದ್ರ ಕಾನೂನಿನಿಂದ ಬಂದದ್ದು, ಕಟ್ಟಡ ಕಾರ್ಮಿಕರ ಕಲ್ಯಾಣಕ್ಕೆ ಹೋಗುವ ದುಡ್ಡು. ಆ ಕಾನೂನಿನಲ್ಲಿ ಸ್ವಂತ ವಾಸದ ಮನೆಯ ವೆಚ್ಚ 10 ಲಕ್ಷದ ಒಳಗಿದ್ದರೆ ಅದು ಬೀಳುತ್ತಿರಲಿಲ್ಲ, 2025ರ ನವೆಂಬರಿನಲ್ಲಿ ಅದರ ಜಾಗಕ್ಕೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಆ ಮಿತಿ 50 ಲಕ್ಷ. ನಿಮ್ಮ ಅಂದಾಜು ಪಟ್ಟಿ ನೋಡಿಕೊಳ್ಳಿ.

ಪ್ರಶ್ನೆ: ಅಪ್ಪನಿಂದ ಪಾಲಿಗೆ ಬಂದ 15 ಸೆಂಟ್ಸ್ ಜಾಗ ಇದೆ, ಆರ್‌ಟಿಸಿಯಲ್ಲಿ ಇನ್ನೂ ಕೃಷಿ ಜಮೀನು. ಅಲ್ಲಿ ಮನೆ ಕಟ್ಟಬೇಕು. ಪಂಚಾಯಿತಿಯಲ್ಲಿ ನೈನ್ ಇಲೆವೆನ್ ತನ್ನಿ ಅನ್ನುತ್ತಾರೆ, ಅದಕ್ಕೆ ಹೋದರೆ ಕನ್ವರ್ಷನ್ ಅನ್ನುತ್ತಾರೆ, ಅದಕ್ಕೆ ಹೋದರೆ ಇಲೆವೆನ್ ಇ ಅನ್ನುತ್ತಾರೆ. ಎಲ್ಲಿಂದ ಶುರು ಮಾಡುವುದು ಅಂತಲೇ ತಿಳಿಯುತ್ತಿಲ್ಲ. (ಓದುಗರು, ಬಂಟ್ವಾಳ ತಾಲ್ಲೂಕು)

ನಿಮ್ಮ ಪತ್ರ ಓದಿ, ಇದನ್ನು ಕೌಂಟರಿನಲ್ಲೇ ಯಾರಾದರೂ ಐದು ನಿಮಿಷ ಕೂರಿಸಿ ಹೇಳಬಾರದಿತ್ತೇ ಅನ್ನಿಸಿತು. ಅವರು ಹೇಳಿದ್ದು ಒಂದೂ ಸುಳ್ಳಲ್ಲ, ಆದರೆ ತುದಿಯಿಂದ ಬುಡಕ್ಕೆ ಹೇಳಿದ್ದಾರೆ. ಬುಡದಿಂದ ಹೇಳುತ್ತೇನೆ.

ಮೊದಲು ಜಾಗ ನಿಮ್ಮ ಹೆಸರಿನಲ್ಲಿ ಪ್ರತ್ಯೇಕವಾಗಬೇಕು. ಪಾಲುಪಟ್ಟಿ ನೋಂದಣಿ ಆಗಿದೆಯೇ, ಆರ್‌ಟಿಸಿಯ ಒಂಬತ್ತನೇ ಕಾಲಂನಲ್ಲಿ ನಿಮ್ಮ ಹೆಸರೊಂದೇ ಇದೆಯೇ, ಅಥವಾ ಅಣ್ಣತಮ್ಮಂದಿರ ಹೆಸರು ಜಂಟಿಯಾಗಿದೆಯೇ ನೋಡಿ. ಒಂದೇ ಸರ್ವೆ ನಂಬರಿನಲ್ಲಿ ನಿಮ್ಮದು ಒಂದು ತುಂಡು ಮಾತ್ರ ಆದರೆ ಆ ತುಂಡು ಎಲ್ಲಿದೆ ಅಂತ ಸರ್ವೆಯರ್ ಅಳೆದು ಗುರುತಿಸಬೇಕು. ಆ ನಕ್ಷೆಯೇ 11ಇ. ಸರ್ವೆಯರ್ ಬಂದ ದಿನ ನೀವು ಅಲ್ಲಿರಿ. ಅಕ್ಕಪಕ್ಕದವರನ್ನೂ ಕರೆದಿರಿ. ದಾರಿ ಎಲ್ಲಿಂದ ಅನ್ನುವುದು ಆ ನಕ್ಷೆಯಲ್ಲಿ ಬರಲೇಬೇಕು, ಯಾಕೆಂದರೆ ದಾರಿ ಇಲ್ಲದ ಜಾಗ ಮುಂದಿನ ಮೇಜಿನಲ್ಲಿ ಸಿಕ್ಕಿಬೀಳುತ್ತದೆ. ಕರಾವಳಿಯಲ್ಲಿ ತೋಟದ ಮಧ್ಯೆ ಮನೆ ಇರುವುದರಿಂದ ತುಂಬಾ ಜನ ಎಡವುವುದು ಇಲ್ಲೇ. ಚಿಕ್ಕಪ್ಪನ ತೋಟದಲ್ಲಿ ನಡೆದುಕೊಂಡು ಹೋಗುತ್ತಿದ್ದೆವು ಅಂದರೆ ಅದು ಕಾಗದದ ಮೇಲೆ ದಾರಿಯಲ್ಲ. ಚಿಕ್ಕಪ್ಪ ಇರುವಾಗಲೇ ಬರೆಸಿಕೊಂಡು ನೋಂದಣಿ ಮಾಡಿಸಿ.

ಎರಡನೆಯದು ಭೂಪರಿವರ್ತನೆ, ನಾವೆಲ್ಲ ಕನ್ವರ್ಷನ್ ಅನ್ನುವುದು. 1964ರ ಭೂ ಕಂದಾಯ ಕಾಯ್ದೆಯ 95ನೇ ಕಲಂ ಪ್ರಕಾರ ಜಿಲ್ಲಾಧಿಕಾರಿಯ ಆದೇಶ. ಅರ್ಜಿ ಆನ್‌ಲೈನ್, ಜೊತೆಗೆ ಒಂದು ಅಫಿಡವಿಟ್. ಅಫಿಡವಿಟ್‌ನಲ್ಲಿ ಬರೆದದ್ದೆಲ್ಲ ನಿಮ್ಮ ಹೊಣೆ, ಆದ್ದರಿಂದ ಸೈಬರ್ ಸೆಂಟರಿನಲ್ಲಿ ಟೈಪ್ ಮಾಡಿದ್ದಕ್ಕೆ ಸುಮ್ನೆ ಸಹಿ ಹಾಕಬೇಡಿ, ಸಾಲು ಸಾಲಾಗಿ ಓದಿ.

ಮೂರನೆಯದು ವಿನ್ಯಾಸ ಅನುಮೋದನೆ. ಒಂದೇ ಮನೆಗಾದ್ದರಿಂದ ಅದನ್ನು ಏಕನಿವೇಶನ ಅನ್ನುತ್ತಾರೆ. ರಸ್ತೆಗೆ ಎಷ್ಟು ಜಾಗ ಬಿಡಬೇಕು ಅನ್ನುವುದು ಇದರಲ್ಲಿ ತೀರ್ಮಾನ ಆಗುತ್ತದೆ. ನಿಮ್ಮ ಜಾಗ ಯಾವ ಯೋಜನಾ ಪ್ರಾಧಿಕಾರದ ವ್ಯಾಪ್ತಿಯಲ್ಲಿದೆ ಅಂತ ಪಿಡಿಒ ಅವರಲ್ಲಿ ಕೇಳಿ, ಆ ಕಚೇರಿಗೆ ಹೋಗಿ. ಇದಾದ ಮೇಲೆ ನಾಲ್ಕನೆಯದು ಇ-ಸ್ವತ್ತಿನಲ್ಲಿ (ಪಂಚಾಯಿತಿ ಆಸ್ತಿಗಳ ಆನ್‌ಲೈನ್ ದಾಖಲೆ) ನಮೂನೆ 9 ಮತ್ತು 11ಎ, ಅದೇ ನಿಮ್ಮ ನೈನ್ ಇಲೆವೆನ್. 11ಬಿ ಕೊಡುತ್ತೇವೆ ಅಂದರೆ ಯಾಕೆ ಅಂತ ಕೇಳಿ, ಎರಡೂ ಒಂದೇ ಅಲ್ಲ. ಕೊನೆಗೆ ಪಂಚಾಯತ್ ರಾಜ್ ಕಾಯ್ದೆಯ 64ನೇ ಕಲಂನಡಿ ಗ್ರಾಮ ಪಂಚಾಯಿತಿಯ ಕಟ್ಟಡ ಪರವಾನಗಿ. ಕೆಂಪುಕಲ್ಲಿನ ಲಾರಿ ಬರಬೇಕಾದ್ದು ಇದರ ನಂತರ.

ಇನ್ನೊಂದು ದಾರಿ ಇದೆ, ಅದನ್ನು ಯಾರೂ ಹೇಳಿರಲಿಕ್ಕಿಲ್ಲ. ಅದೇ 95ನೇ ಕಲಂನಲ್ಲಿ, ಕೃಷಿ ಮಾಡುವವರು ತಮ್ಮ ಹಿಡುವಳಿಯ 10%ಕ್ಕಿಂತ ಹೆಚ್ಚಾಗದಂತೆ, ತಮ್ಮ ಸ್ವಂತ ವಾಸಕ್ಕೆ, ಸಾಮಾನು ಇಡಲಿಕ್ಕೆ, ದನ ಕಟ್ಟಲಿಕ್ಕೆ ಫಾರಂ ಹೌಸ್ ಕಟ್ಟಿಕೊಳ್ಳಬಹುದು, ಅದಕ್ಕೆ ಕನ್ವರ್ಷನ್ ಬೇಡ. ಆದರೆ 15 ಸೆಂಟ್ಸಿನಲ್ಲಿ 10% ಅಂದರೆ ಒಂದೂವರೆ ಸೆಂಟ್ಸ್, ಸುಮಾರು 650 ಚದರಡಿ. ಬಾಡಿಗೆಗೆ ಕೊಡುವ ಹಾಗಿಲ್ಲ. ಬ್ಯಾಂಕಿನ ಗೃಹಸಾಲಕ್ಕೂ ನೈನ್ ಇಲೆವೆನ್ ಇಲ್ಲದೆ ಕಷ್ಟ. ನಿಮಗೆ ಸಾಲ ಬೇಕು ಅಂತ ಬರೆದಿದ್ದೀರಿ, ಹಾಗಾಗಿ ಮೊದಲ ದಾರಿಯೇ ಸರಿ. ತಿಂಗಳುಗಟ್ಟಲೆ ಹಿಡಿಯುತ್ತದೆ, ಒಂದು ಮಳೆಗಾಲ ಇದಕ್ಕೇ ಇಟ್ಟುಕೊಳ್ಳಿ.

ಪ್ರಶ್ನೆ: ಅಡುಗೆಮನೆಯ ಗೋಡೆ ಒಡೆದು ಹಾಲಿಗೆ ಸೇರಿಸಬೇಕು, ಟೈಲ್ಸ್ ಬದಲಿಸಬೇಕು, ಹೊರಗೆ ಪೇಂಟ್. ಇಷ್ಟಕ್ಕೂ ಪರವಾನಗಿ ಬೇಕಾ? ಮರಳು ಇಳಿಸಿದ ದಿನವೇ ಯಾರೋ ಬಂದು ಫೋಟೊ ತೆಗೆದುಕೊಂಡು ಹೋದರು. (ಓದುಗರು, ತುಮಕೂರು)

ಪೇಂಟಿಂಗ್, ಸುಣ್ಣ, ಪ್ಲಾಸ್ಟರ್, ನೆಲದ ಟೈಲ್ಸ್, ಹೆಂಚು ಬದಲಿಸುವುದು, ಬಾಗಿಲು ಕಿಟಕಿ ರಿಪೇರಿ, ಇವಕ್ಕೆ ಬೇಡ. ಮನೆಯ ಆಕಾರ, ಎತ್ತರ, ವಿಸ್ತೀರ್ಣ ಬದಲಾದರೆ ಬೇಕು. ಭಾರ ಹೊರುವ ಭಾಗ ಮುಟ್ಟಿದರೆ ಬೇಕು.

ನಿಮ್ಮ ಅಡುಗೆಮನೆ ಗೋಡೆಯದೇ ಪ್ರಶ್ನೆ. ಪಿಲ್ಲರ್ ಮತ್ತು ಬೀಮ್ ಇರುವ ಮನೆಯಲ್ಲಿ ನಡುವಿನ ನಾಲ್ಕೂವರೆ ಇಂಚಿನ ಗೋಡೆ ಸಾಮಾನ್ಯವಾಗಿ ಬರೀ ಮರೆ. ಆದರೆ ಹಳೆಯ ಮನೆಗಳಲ್ಲಿ ಪಿಲ್ಲರ್ ಇರುವುದಿಲ್ಲ, ಒಂಬತ್ತು ಇಂಚಿನ ಗೋಡೆಯೇ ತಾರಸಿ ಹೊತ್ತು ನಿಂತಿರುತ್ತದೆ. ಅದನ್ನು ಒಡೆದರೆ ಅವತ್ತೇ ಏನೂ ಆಗದೇ ಇರಬಹುದು, ಒಂದು ಮಳೆಗಾಲ ಕಳೆದ ಮೇಲೆ ತಾರಸಿಯಲ್ಲಿ ಕೂದಲೆಳೆ ಬಿರುಕು ಬರುತ್ತದೆ, ಆಮೇಲೆ ಬಾಗಿಲು ಚೌಕಟ್ಟಿಗೆ ಒತ್ತಿಕೊಂಡು ಮುಚ್ಚಲು ಕಷ್ಟವಾಗುತ್ತದೆ. ಗೋಡೆಗೆ ಒಂದು ಕಡೆ ಸ್ವಲ್ಪ ಪ್ಲಾಸ್ಟರ್ ಕೆತ್ತಿ ದಪ್ಪ ಅಳೆಯಿರಿ. ಒಂಬತ್ತು ಇಂಚು ಇದ್ದರೆ ಎಂಜಿನಿಯರ್ ಬಾರದೆ ಸುತ್ತಿಗೆ ಎತ್ತಬೇಡಿ.

ಫೋಟೊ ತೆಗೆದವರು ಯಾರು ಅಂತ ಕೇಳುವ ಹಕ್ಕು ನಿಮಗಿದೆ. ಗುರುತಿನ ಚೀಟಿ ತೋರಿಸಿ ಅನ್ನಿ. ಇಲಾಖೆಯವರಾದರೆ ನೋಟಿಸ್ ಬರವಣಿಗೆಯಲ್ಲಿ ಕೊಡಬೇಕು. ಬಾಯಿಮಾತಿನ ನೋಟಿಸ್ ಅಂತ ಒಂದಿಲ್ಲ. ಮತ್ತೆ, ಮರಳು ರಸ್ತೆ ಮೇಲೆ ಇಳಿಸಿದ್ದರೆ ಅದನ್ನು ಮೊದಲು ಒಳಗೆ ಹಾಕಿಸಿ. ಶಾಲೆಗೆ ಹೋಗುವ ಮಕ್ಕಳು ಸೈಕಲ್ ಜಾರಿ ಬೀಳುವುದು ಅದರ ಮೇಲೆಯೇ.

ಪ್ರಶ್ನೆ: 30×50 ಸೈಟಿನಲ್ಲಿ ನೆಲ ಮತ್ತು ಎರಡು ಮಹಡಿಗೆ ಮಂಜೂರಾತಿ ಇತ್ತು. ಬಾಡಿಗೆ ಬರಲಿ ಅಂತ ಮೂರನೆಯ ಮಹಡಿಯನ್ನೂ ಕಟ್ಟಿದೆವು, ಒಂದು ಬದಿ ಜಾಗ ಬಿಟ್ಟಿಲ್ಲ. ಈಗ ಕರೆಂಟ್ ಮೀಟರ್ ಕೊಡುತ್ತಿಲ್ಲ, ಓಸಿ (ಕಟ್ಟಡದಲ್ಲಿ ವಾಸ ಮಾಡಬಹುದು ಅಂತ ಪಾಲಿಕೆ ಕೊಡುವ ಪತ್ರ) ಕೇಳುತ್ತಾರೆ. ಅಕ್ರಮ ಸಕ್ರಮ ಬಂದಾಗ ದಂಡ ಕಟ್ಟಿದರಾಯಿತು ಅಂತ ಬಿಲ್ಡರ್ ಹೇಳಿದ್ದರು. (ಹೆಸರು ಬೇಡ, ಬೆಂಗಳೂರು)

ನಿಮ್ಮ ಸಾಲದ ಕಂತು ಶುರುವಾಗಿದೆ, ಬಾಡಿಗೆ ಬಂದಿಲ್ಲ ಅಂತ ಬರೆದಿದ್ದೀರಿ. ನಿಮ್ಮ ಸಂಕಟ ಅರ್ಥವಾಗುತ್ತದೆ, ಆದರೂ ಸುಳ್ಳು ಧೈರ್ಯ ಹೇಳಲಾರೆ.

ಅಕ್ರಮ ಸಕ್ರಮದ ನಿಯಮ 2014ರಲ್ಲಿ ಬಂತು. ವಾಸದ ಮನೆಗೆ 50%, ವಾಣಿಜ್ಯ ಕಟ್ಟಡಕ್ಕೆ 25% ಉಲ್ಲಂಘನೆವರೆಗೆ ದಂಡ ಕಟ್ಟಿ ಸಕ್ರಮ ಮಾಡಿಕೊಳ್ಳಬಹುದು ಅಂತಿತ್ತು. 2016ರ ಡಿಸೆಂಬರಿನಲ್ಲಿ ಹೈಕೋರ್ಟ್ ಅದನ್ನು ಎತ್ತಿ ಹಿಡಿಯಿತು, 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ಆ ತಡೆ ಬಂದ ಎಷ್ಟೋ ವರ್ಷದ ಮೇಲೂ ಬಿಲ್ಡರುಗಳು ಅದೇ ಮಾತು ಹೇಳಿ ಮಹಡಿ ಏರಿಸಿದರು. ನಿಮಗೆ ಹೇಳಿದ್ದೂ ಹಾಗೆಯೇ. ಅದಲ್ಲದೆ ಅದು ಹಳೆಯ ಕಟ್ಟಡಗಳಿಗೆ ಅಂತ ಮಾಡಿದ್ದು, ಮುಂದೆ ಕಟ್ಟುವವರಿಗೆ ಕೊಟ್ಟ ಭರವಸೆ ಆಗಿರಲಿಲ್ಲ.

ಮೀಟರ್ ನಿಂತಿದ್ದಕ್ಕೆ ಕಾರಣ 2024ರ ಡಿಸೆಂಬರ್ 17ರ ಸುಪ್ರೀಂ ಕೋರ್ಟ್ ತೀರ್ಪು. ಉತ್ತರ ಪ್ರದೇಶದ ಒಂದು ಪ್ರಕರಣದಲ್ಲಿ ಬಂದದ್ದು, ಆದರೆ ನಿರ್ದೇಶನ ದೇಶಕ್ಕೆಲ್ಲ. ಓಸಿ ಅಥವಾ ಪೂರ್ಣಗೊಂಡ ಪ್ರಮಾಣಪತ್ರ ನೋಡದೆ ನೀರು, ಕರೆಂಟು, ಒಳಚರಂಡಿ ಕೊಡಬಾರದು ಅಂತ. 2025ರ ಅಕ್ಟೋಬರಿನಲ್ಲಿ ರಾಜ್ಯ ಸರ್ಕಾರ 1,200 ಚದರಡಿವರೆಗಿನ ಸೈಟಿನ ವಾಸದ ಮನೆಗಳಿಗೆ, ನೆಲ ಮತ್ತು ಎರಡು ಮಹಡಿ ಅಥವಾ ಸ್ಟಿಲ್ಟ್ (ಕೆಳಗೆ ಬರೀ ಪಿಲ್ಲರ್ ನಿಲ್ಲಿಸಿ ಗಾಡಿಗೆ ಬಿಟ್ಟ ಜಾಗ) ಮತ್ತು ಮೂರು ಮಹಡಿ ಇದ್ದರೆ, ಓಸಿಯಿಂದ ವಿನಾಯಿತಿ ಕೊಟ್ಟಿತು. ನಿಮ್ಮದು 1,500 ಚದರಡಿ, ಅದರ ಮೇಲೆ ಜಾಸ್ತಿ ಮಹಡಿ. ಆ ವಿನಾಯಿತಿ ನಿಮಗೆ ಆಗುವುದಿಲ್ಲ.

ಈಗ ಮಾಡಬೇಕಾದ್ದು: ನಿಮ್ಮ ಬಿಲ್ಡರಿಗೆ ಸಂಬಂಧ ಇಲ್ಲದ ಒಬ್ಬ ನೋಂದಾಯಿತ ಆರ್ಕಿಟೆಕ್ಟ್ ಕೈಯಲ್ಲಿ ಮನೆಯನ್ನು ಇದ್ದ ಹಾಗೆ ಅಳೆಸಿ. ಮಂಜೂರಾದ ನಕ್ಷೆಯ ಪಕ್ಕದಲ್ಲಿಟ್ಟು ಎಲ್ಲೆಲ್ಲಿ ಎಷ್ಟೆಷ್ಟು ವ್ಯತ್ಯಾಸ ಅಂತ ಪಟ್ಟಿ ಮಾಡಿಸಿ. ಈಗಿನ ನಿಯಮದಲ್ಲಿ ಮಾರ್ಪಾಡು ನಕ್ಷೆಗೆ ಮಂಜೂರಾತಿ ಸಿಗುವ ಭಾಗ ಎಷ್ಟು, ಒಡೆಯಲೇಬೇಕಾದ ಭಾಗ ಎಷ್ಟು ಅಂತ ಅವರು ಹೇಳಲಿ. ಒಡೆಯಬೇಕಾದ್ದನ್ನು ನೀವೇ ಒಡೆಸಿ, ನೀಟಾಗಿ ಆಗುತ್ತದೆ. ಜೆಸಿಬಿ ಬಂದು ಒಡೆದರೆ ಉಳಿಯಬೇಕಾದ ಗೋಡೆಗೂ ಪೆಟ್ಟು.

ಬದಿಯ ಜಾಗ ಬಿಡದವರಿಗೆಲ್ಲ ಒಂದು ಘಟನೆ ಹೇಳಬೇಕು. ಹಿಂದೆ ಒಂದು ಊರಲ್ಲಿ ನಾನು ದೂರಿನ ಮೇಲೆ ಅಳತೆಗೆ ಹೋಗಿದ್ದೆ. ನಕ್ಷೆಯಲ್ಲಿ ಎರಡು ಮನೆಯ ನಡುವೆ ಒಟ್ಟು ಎರಡು ಮೀಟರ್ ಇರಬೇಕಿತ್ತು. ಟೇಪು ಹಿಡಿದರೆ ಎರಡಡಿ ಮೂರಿಂಚು. ನಾನೇ ಪಕ್ಕಕ್ಕೆ ತಿರುಗಿ ಒಳಗೆ ಹೋಗಬೇಕಾಯಿತು, ಅಂಗಿಯ ತೋಳಿಗೆ ಎರಡೂ ಕಡೆಯ ಸಿಮೆಂಟ್ ಉಜ್ಜಿತು. ಹಿಂದಿನ ಮನೆಯ ಅಜ್ಜಿಗೆ ಲಕ್ವ ಹೊಡೆದಾಗ ಅವರನ್ನು ಆ ಸಂದಿಯಲ್ಲಿ ಮಂಚದ ಮೇಲೆ ತರಲಾಗದೆ, ಕುರ್ಚಿಯಲ್ಲಿ ಕೂರಿಸಿ ಇಬ್ಬರು ಹಿಂದೆ ಮುಂದೆ ಹಿಡಿದು ತಂದಿದ್ದರು. ದೂರು ಕೊಟ್ಟವರು ಆ ಅಜ್ಜಿಯ ಮಗಳು. ಸೆಟ್‌ಬ್ಯಾಕ್ ಅಂದರೆ ನನ್ನ ಕಣ್ಣಿಗೆ ಇವತ್ತಿಗೂ ಆ ಕುರ್ಚಿ ಬರುತ್ತದೆ.

ಹೊಸದಾಗಿ ಕಟ್ಟುವ ಬೆಂಗಳೂರಿನವರು ಇಷ್ಟು ಗಮನಿಸಿ. 2025ರ ಸೆಪ್ಟೆಂಬರಿನಿಂದ ಹಳೆಯ ಬಿಬಿಎಂಪಿ ಜಾಗದಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ಪಾಲಿಕೆಗಳಿವೆ, ನಿಮ್ಮದು ಯಾವುದು ಅಂತ ತಿಳಿದುಕೊಂಡು ಹೋಗಿ. 50×80 ಸೈಟಿನವರೆಗಿನ, ನಾಲ್ಕು ಮನೆಗಳವರೆಗಿನ ವಾಸದ ಕಟ್ಟಡಕ್ಕೆ 2024ರಲ್ಲಿ ನಂಬಿಕೆ ನಕ್ಷೆ ಅಂತ ಒಂದು ವ್ಯವಸ್ಥೆ ತಂದರು. ನೋಂದಾಯಿತ ಆರ್ಕಿಟೆಕ್ಟ್ ಅಥವಾ ಎಂಜಿನಿಯರ್ ಮೂಲಕ ಆನ್‌ಲೈನಿನಲ್ಲೇ ತಾತ್ಕಾಲಿಕ ಮಂಜೂರಾತಿ ಬರುತ್ತದೆ, ಆಮೇಲೆ ಕಾಗದ ಪರಿಶೀಲನೆ. ಅದು ತಾತ್ಕಾಲಿಕ ಅನ್ನುವುದನ್ನು ಮರೆಯಬೇಡಿ. ಮಳೆನೀರು ಸಂಗ್ರಹದ ತೊಟ್ಟಿಯನ್ನು ನಕ್ಷೆಯಲ್ಲೇ ತೋರಿಸಿ, ಜಲಮಂಡಳಿ ವ್ಯಾಪ್ತಿಯಲ್ಲಿ 30×40 ಮತ್ತು ಮೇಲ್ಪಟ್ಟ ಸೈಟಿನ ಹೊಸ ಮನೆಗೆ ಅದು ಕಡ್ಡಾಯ. ಪಾಯ ತೋಡುವಾಗಲೇ ತೊಟ್ಟಿಗೂ ಗುಂಡಿ ತೆಗೆಸಿದರೆ ಖರ್ಚು ಉಳಿಯುತ್ತದೆ.

ಪ್ರಶ್ನೆ: ನಮ್ಮದು ಅಜ್ಜನ ಕಾಲದ ಮಣ್ಣಿನ ಮನಿ ಸಾಹೇಬ್ರ, ಹಿಂದಿನ ಗೋಡೆ ಹೋದ ಮಳೆಯಾಗ ಬಿತ್ತು. ಹತ್ತಿರದಾಗ ಪುರಾತತ್ವ ಇಲಾಖೆಯ ಸ್ಮಾರಕ ಐತಿ. ಮನಿ ಪೂರ್ತಿ ಕೆಡವಿ ಆರ್‌ಸಿಸಿ ಕಟ್ಟೂಣು ಅಂದ್ರ ಪಾಲಿಕೆಯವ್ರು ಆಗೂದಿಲ್ಲ ಅಂತಾರ. ನಮ್ಮ ಜಾಗದಾಗ ನಾವು ಕಟ್ಟಾಕ ಯಾಕ ಬಿಡೂದಿಲ್ಲ? (ಓದುಗರು, ವಿಜಯಪುರ)

ನಿಮ್ಮ ಸಿಟ್ಟು ನ್ಯಾಯವಾದದ್ದು. ಗೋಳಗುಮ್ಮಟ, ಬಾರಾಕಮಾನು ನೋಡಲು ಬರುವವರು ಸಂಜೆಗೆ ಹೊರಟು ಹೋಗುತ್ತಾರೆ, ಅದರ ಪಕ್ಕ ತಲೆಮಾರುಗಳಿಂದ ಬದುಕುವವರು ನೀವು. ಆದರೂ ಪಾಲಿಕೆಯವರು ಹೇಳಿದ್ದು ಕಾನೂನಿನ ಮಾತೇ.

1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ತಿದ್ದುಪಡಿ ಆಯಿತು. ಕೇಂದ್ರದ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ, ಅದರಾಚೆ 200 ಮೀಟರ್ ನಿಯಂತ್ರಿತ. ಈ 100 ಮೀಟರನ್ನು ಗುಮ್ಮಟದ ಗೋಡೆಯಿಂದ ಅಳೆಯುವುದಲ್ಲ, ಸಂರಕ್ಷಿತ ಜಾಗದ ಗಡಿಯಿಂದ. ನೀವು 120 ಮೀಟರ್ ಇದ್ದೇವೆ ಅಂದುಕೊಂಡಿರುತ್ತೀರಿ, ಅಳತೆಯಲ್ಲಿ 80 ಬರಬಹುದು. ಮೊದಲು ಅದನ್ನು ಖಚಿತ ಮಾಡಿಕೊಳ್ಳಿ.

ನಿಷೇಧಿತ ಜಾಗದಲ್ಲಿ ಹೊಸದಾಗಿ ಕಟ್ಟುವಂತಿಲ್ಲ, ಕೆಡವಿ ಮತ್ತೆ ಕಟ್ಟುವಂತಿಲ್ಲ, ಮೇಲೆ ಏರಿಸುವಂತಿಲ್ಲ. ರಿಪೇರಿಗೆ ಮಾತ್ರ ಅವಕಾಶ ಇದೆ. ಮನೆ 1992ರ ಜೂನ್ 16ಕ್ಕೆ ಮುಂಚಿನದ್ದಾದರೆ ರಿಪೇರಿ ಮತ್ತು ನವೀಕರಣಕ್ಕೆ ಸಕ್ಷಮ ಪ್ರಾಧಿಕಾರಕ್ಕೆ ಅರ್ಜಿ ಹಾಕಬಹುದು. ಅವರು ಅದನ್ನು ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರಕ್ಕೆ ಕಳಿಸುತ್ತಾರೆ. ಅನುಮತಿ ಬಂದ ಮೇಲೆ ಪಾಲಿಕೆ. ನಿಮ್ಮದು ಅಜ್ಜನ ಕಾಲದ ಮನೆ, ಆದ್ದರಿಂದ ಹಳೆಯದು ಅನ್ನುವುದಕ್ಕೆ ಪುರಾವೆ ಕೂಡಿಸಿ. ಹಳೆಯ ಸಿಟಿ ಸರ್ವೆ ಉತಾರ, 1992ಕ್ಕೆ ಮುಂಚಿನ ಕರ ಕಟ್ಟಿದ ರಸೀದಿ, ಕರೆಂಟ್ ಬಿಲ್ಲು, ಹಳೆಯ ಮದುವೆಯ ಫೋಟೊದಲ್ಲಿ ಮನೆಯ ಮುಖ ಕಂಡರೂ ಜೊತೆಗಿಡಿ.

ಅದಕ್ಕೇ ಕೈಮುಗಿದು ಹೇಳುತ್ತೇನೆ, ಉಳಿದ ಗೋಡೆಗಳನ್ನು ಕೆಡವಬೇಡಿ. ನಿಂತಿರುವ ಮನೆಗೆ ರಿಪೇರಿ ಅನುಮತಿ ಸಿಗುತ್ತದೆ. ನೆಲಸಮವಾದ ಜಾಗಕ್ಕೆ ರಿಪೇರಿ ಅನ್ನುವ ಮಾತೇ ಹುಟ್ಟುವುದಿಲ್ಲ. ಬಿದ್ದ ಗೋಡೆಯ ಫೋಟೊ ತಾರೀಖು ಸಹಿತ ತೆಗೆದಿಡಿ. ಮಳೆಗೆ ತಗಡು ಹೊದಿಸಿ, ಬೀಳುವಂತಿರುವ ಕಡೆ ಮರದ ಊರೆ ಕೊಡಿ. ಅನುಮತಿ ಇಲ್ಲದೆ ಕಟ್ಟಿದರೆ ಎರಡು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷದವರೆಗೆ ದಂಡ, ಎರಡೂ ಆಗಬಹುದು. ಶ್ರೀರಂಗಪಟ್ಟಣ, ಬಾದಾಮಿ, ಬೇಲೂರಿನಂಥ ಊರುಗಳಲ್ಲೂ ಇದೇ ಕಷ್ಟ. ಬಿದ್ದ ಗೋಡೆಯ ಮುಂದೆ ಕೂತ ಕುಟುಂಬಕ್ಕೆ ತಿಂಗಳುಗಟ್ಟಲೆ ಕಾಯಿರಿ ಅನ್ನುವುದು ಸರಿಯಲ್ಲ, ಮಳೆಗೆ ಬಿದ್ದ ಮನೆಗಳ ಅರ್ಜಿಯನ್ನು ಬೇರೆ ಸಾಲಿನಲ್ಲಿ ಬೇಗ ನೋಡಬೇಕು ಅಂತ ನಾನು ಗಟ್ಟಿಯಾಗಿಯೇ ಹೇಳುತ್ತೇನೆ.

ಪ್ರಶ್ನೆ: ಪಕ್ಕದವರು ಒಂದಿಂಚೂ ಬಿಡದೆ ಗಡಿಗೇ ಗೋಡೆ ಏರಿಸುತ್ತಿದ್ದಾರೆ. ನಮ್ಮ ದೇವರ ಮನೆಯ ಕಿಟಕಿ ಮುಚ್ಚಿಹೋಗುತ್ತದೆ. (ಓದುಗರು, ಬಳ್ಳಾರಿ)

ತಾರಸಿ ಹಾಕುವ ಮುಂಚೆಯೇ ಓಡಾಡಿ. ಒಮ್ಮೆ ಮೋಲ್ಡ್ ಬಿದ್ದ ಮೇಲೆ ಯಾರಿಗೂ ಒಡೆಸುವ ಮನಸ್ಸು ಬರುವುದಿಲ್ಲ.

ಮೊದಲು ಅವರ ಮನೆಗೇ ಹೋಗಿ ಮಾತಾಡಿ, ಹಿರಿಯರೊಬ್ಬರನ್ನು ಕರೆದುಕೊಂಡು ಹೋಗಿ. ಕೇಳದಿದ್ದರೆ ಪಾಲಿಕೆಗೆ ಬರವಣಿಗೆಯಲ್ಲಿ ದೂರು, ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ಜೊತೆಗೆ ಅವರ ಮಂಜೂರಾದ ನಕ್ಷೆಯ ಪ್ರತಿಗೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ, 10 ರೂಪಾಯಿ ಶುಲ್ಕ, 30 ದಿನದ ಗಡುವು. ನಕ್ಷೆಗೂ ಗೋಡೆಗೂ ತಾಳೆ ಆಗದಿದ್ದರೆ 1976ರ ಪಾಲಿಕೆ ಕಾಯ್ದೆಯ 321ನೇ ಕಲಂನಡಿ ಆಯುಕ್ತರು ತಾತ್ಕಾಲಿಕ ಆದೇಶ ಹೊರಡಿಸಿ, ಕಾರಣ ಕೇಳಿ, ಆಮೇಲೆ ಖಾಯಂ ಮಾಡುತ್ತಾರೆ. ಇದಕ್ಕೆ ಸಮಯ ಹಿಡಿಯುತ್ತದೆ, ಕೆಲಸ ಓಡುತ್ತಿದ್ದರೆ ವಕೀಲರ ಮೂಲಕ ಸಿವಿಲ್ ಕೋರ್ಟಿನಲ್ಲಿ ತಡೆಯಾಜ್ಞೆ ಕೇಳಬಹುದು. ದೂರು ಕೊಡುವ ಮುಂಚೆ ನಿಮ್ಮ ಕಿಟಕಿಯ ಕಡೆ ನೀವು ಎಷ್ಟು ಜಾಗ ಬಿಟ್ಟಿದ್ದೀರಿ ಅಂತ ಅಳೆದುಕೊಳ್ಳಿ. ಅಳತೆಗೆ ಬಂದವರು ಎರಡೂ ಕಡೆ ಟೇಪು ಹಿಡಿಯುತ್ತಾರೆ.

ಪ್ರಶ್ನೆ: ನಾನು ಡಬ್ಲಿನ್‌ನಲ್ಲಿದ್ದೇನೆ. ಮೈಸೂರಿನ ನನ್ನ ಸೈಟಿನಲ್ಲಿ ಅಮ್ಮನಿಗೆ ಮನೆ ಕಟ್ಟಿಸಬೇಕು. ಅರ್ಜಿ, ಸಹಿ ಎಲ್ಲ ತಮ್ಮ ಮಾಡಬಹುದೇ?

ಮಾಡಬಹುದು, ಅವರ ಹೆಸರಿಗೆ ಜಿಪಿಎ, ಅಂದರೆ ನಿಮ್ಮ ಪರವಾಗಿ ಕೆಲಸ ಮಾಡುವ ಅಧಿಕಾರ ಪತ್ರ, ಬರೆದುಕೊಡಿ. ಅಲ್ಲಿನ ಭಾರತೀಯ ರಾಯಭಾರ ಕಚೇರಿಯಲ್ಲಿ ದೃಢೀಕರಿಸಿ ಕಳಿಸಿ. ಕಾಗದ ಕರ್ನಾಟಕಕ್ಕೆ ಬಂದ ಮೂರು ತಿಂಗಳೊಳಗೆ ತಮ್ಮ ಅದಕ್ಕೆ ಮುದ್ರಾಂಕ ಶುಲ್ಕ ಕಟ್ಟಿಸಬೇಕು, ಇದನ್ನು ಬಹಳ ಜನ ಮರೆಯುತ್ತಾರೆ. ಪತ್ರದಲ್ಲಿ ನಕ್ಷೆ ಮಂಜೂರಾತಿ, ಕಂದಾಯ, ನೀರು, ಕರೆಂಟು ಅಂತ ಕೆಲಸಗಳನ್ನು ಬಿಡಿಸಿ ಬರೆಯಿರಿ. ಮಾರುವ ಅಧಿಕಾರ ಬೇಕಿಲ್ಲದಿದ್ದರೆ ಬರೆಯಬೇಡಿ. ನಕ್ಷೆಯನ್ನು ಅಮ್ಮನಿಗೂ ತೋರಿಸಿ. ಬಚ್ಚಲಿಗೆ ಮೆಟ್ಟಿಲು ಬೇಡ, ಬಾಗಿಲು ಅಗಲ ಇರಲಿ ಅನ್ನುವಂಥ ಮಾತು ನಕ್ಷೆ ಹಂತದಲ್ಲೇ ಬರಲಿ.

ಪ್ರಶ್ನೆ: ಅರ್ಜಿ ಹಾಕಿ ನಾಲ್ಕು ತಿಂಗಳಾಯಿತು. ಏಜೆಂಟ್ ಒಬ್ಬರು 40 ಸಾವಿರ ಕೊಟ್ಟರೆ ವಾರದಲ್ಲಿ ಮಾಡಿಸುತ್ತೇನೆ ಅನ್ನುತ್ತಾರೆ. ಕೊಟ್ಟು ಮುಗಿಸಲಾ? (ಹೆಸರು, ಊರು ಬೇಡ)

ಕೊಡಬೇಡಿ. ಕೊಟ್ಟ ದುಡ್ಡಿಗೆ ರಸೀದಿ ಇರುವುದಿಲ್ಲ, ನಕ್ಷೆಯಲ್ಲಿ ತಪ್ಪಿದ್ದರೆ ಆ ತಪ್ಪು ಹಾಗೇ ಉಳಿದಿರುತ್ತದೆ, ನಾಳೆ ಓಸಿ ಹೊತ್ತಿಗೆ ಅಥವಾ ಮನೆ ಮಾರುವ ಹೊತ್ತಿಗೆ ಮತ್ತೆ ಎದ್ದು ಬರುತ್ತದೆ.

ಅರ್ಜಿ ಕೊಟ್ಟಾಗ ಸಕಾಲದ (ಸರ್ಕಾರಿ ಸೇವೆಗೆ ಗಡುವು ಇಟ್ಟ ರಾಜ್ಯದ ಯೋಜನೆ) ಸ್ವೀಕೃತಿ ಬಂದಿರಬೇಕು, 15 ಅಂಕಿಯ ಜಿಎಸ್‌ಸಿ ನಂಬರ್. ಅದನ್ನು ಹಾಕಿ ಅರ್ಜಿ ಯಾರ ಮೇಜಿನಲ್ಲಿದೆ ಅಂತ ನೋಡಿ. ಆಕ್ಷೇಪಣೆ ಎತ್ತಿ ನಿಮಗೇ ವಾಪಸ್ ಕಳಿಸಿ, ಅದು ಎಂಜಿನಿಯರ್ ಲಾಗಿನ್‌ನಲ್ಲಿ ಯಾರೂ ನೋಡದೆ ಕೂತಿರುವುದೂ ಉಂಟು. ನನ್ನ ಅನುಭವದಲ್ಲಿ ಇದು ತುಂಬಾ ಸಾಮಾನ್ಯ. ನಿಮ್ಮ ಎಂಜಿನಿಯರ್ ಎದುರು ಕೂತು ಲಾಗಿನ್ ತೆರೆಸಿ ನೋಡಿ. ಅಲ್ಲಿ ಏನೂ ಇಲ್ಲದೆ ಗಡುವು ಮೀರಿದ್ದರೆ ಸಕಾಲದಲ್ಲಿ ಮೇಲ್ಮನವಿ ಹಾಕಿ. ತಡವಾದ ಪ್ರತಿ ದಿನಕ್ಕೆ 20 ರೂಪಾಯಿ, ಒಟ್ಟು 500 ರೂಪಾಯಿವರೆಗೆ ಪರಿಹಾರ ಇದೆ. ಮೊತ್ತ ಚಿಕ್ಕದು, ಆದರೆ ತಡ ಮಾಡಿದವರ ಹೆಸರು ದಾಖಲೆಗೆ ಬರುತ್ತದೆ, ಅದಕ್ಕೇ ಮೇಲ್ಮನವಿ ಹಾಕಿದ ಮೇಲೆ ಕಡತ ಅಲುಗಾಡುತ್ತದೆ.

ನೌಕರರೇ ನೇರವಾಗಿ ದುಡ್ಡು ಕೇಳಿದರೆ ಲೋಕಾಯುಕ್ತ ಪೊಲೀಸರ ಹತ್ತಿರ ಹೋಗಿ, ಪ್ರತಿ ಜಿಲ್ಲೆಯಲ್ಲೂ ಇದ್ದಾರೆ. ಕೊಟ್ಟಾದ ಮೇಲೆ ಹೋಗುವುದಕ್ಕಿಂತ ಕೇಳಿದಾಗಲೇ ಹೋಗುವುದು ಒಳ್ಳೆಯದು. ಏಜೆಂಟ್ ಮತ್ತೆ ಫೋನ್ ಮಾಡಿದರೆ ಅರ್ಜಿ ನಂಬರ್ ಕೊಡಬೇಡಿ.